ಊರು ಖಾಲಿಯಾದ ಕಥೆ ಹೇಳುವ ಇವಾನ್ ಕ್ರಸ್ತೆವ್

ಬಲ್ಗೇರಿಯಾದ ಜನರ ಬಾಯಲ್ಲಿ ಒಂದು ಮಾತಿದೆ. ಈ ಕಷ್ಟದಿಂದ ಪಾರಾಗಲು ಇರುವುದು ಎರಡೇ ದಾರಿ: ರಾಜಧಾನಿ ಸೋಫಿಯಾದ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್, ಇಲ್ಲಾಂದ್ರೆ ಎರಡನೇ ಟರ್ಮಿನಲ್. ಕೇಳಿದ ಕೂಡಲೇ ನಗು ಬರುತ್ತದೆ. ಅಂಕಿ ನೋಡಿದರೆ ಆ ನಗು ನಿಲ್ಲುತ್ತದೆ. 1989ರಲ್ಲಿ ಆ ದೇಶದಲ್ಲಿ ಹೆಚ್ಚುಕಡಿಮೆ 90 ಲಕ್ಷ ಜನ ಇದ್ದರು. 2021ರ ಜನಗಣತಿಯಲ್ಲಿ ಸಿಕ್ಕಿದ್ದು 65 ಲಕ್ಷ. ಯುದ್ಧ ಆಗಲಿಲ್ಲ, ಬರ ಬರಲಿಲ್ಲ. ಹುಟ್ಟುವವರು ಕಮ್ಮಿಯಾದರು, ಇದ್ದವರು ಗಂಟುಮೂಟೆ ಕಟ್ಟಿದರು.

ಇವಾನ್ ಕ್ರಸ್ತೆವ್ ಇವತ್ತು ಯುರೋಪಿನಲ್ಲಿ ತುಂಬಾ ಓದಿಸಿಕೊಳ್ಳುವ ರಾಜಕೀಯ ಚಿಂತಕ. ಅವರು ಬರೆದದ್ದಕ್ಕೆಲ್ಲ ಬೇರು ಈ ಖಾಲಿ ಊರುಗಳಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಅವರು ಹುಟ್ಟಿದ್ದು 1965ರಲ್ಲಿ, ಉತ್ತರ ಬಲ್ಗೇರಿಯಾದ ಲುಕೋವಿಟ್ ಎಂಬ ಸಣ್ಣ ಪಟ್ಟಣದಲ್ಲಿ. ಸೋಫಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದರು. 1989 ಬಂದಾಗ ಅವರಿಗೆ 24 ವರ್ಷ. ಆ ಬೇಸಿಗೆಯಲ್ಲಿ ಒಂದು ದೊಡ್ಡ ವಲಸೆ ನಡೆಯಿತು. ಕಮ್ಯುನಿಸ್ಟ್ ಸರ್ಕಾರ ಕೆಲವು ವರ್ಷಗಳ ಹಿಂದೆ ಅಲ್ಲಿನ ತುರ್ಕಿ ಸಮುದಾಯದವರ ಹೆಸರುಗಳನ್ನೇ ಬಲವಂತವಾಗಿ ಬದಲಾಯಿಸಿತ್ತು. ಈಗ ಗಡಿ ತೆರೆದದ್ದೇ ತಡ, ಮೂರು ತಿಂಗಳೊಳಗೆ 3 ಲಕ್ಷಕ್ಕೂ ಜಾಸ್ತಿ ಜನ ತುರ್ಕಿಗೆ ಹೊರಟರು. ಕಾರಿನ ನೆತ್ತಿಯ ಮೇಲೆ ಹಾಸಿಗೆ, ಮನೆ ಸಾಮಾನು. ಒಳಗೆ ಅಜ್ಜಿ, ಮಕ್ಕಳು. ನವೆಂಬರ್ 10ಕ್ಕೆ, ಬರ್ಲಿನ್ ಗೋಡೆ ಬಿದ್ದ ಮಾರನೇ ದಿನ, 35 ವರ್ಷ ದೇಶ ಆಳಿದ್ದ ತೊದೊರ್ ಝಿವ್ಕೋವ್ ಅವರೂ ಕುರ್ಚಿ ಬಿಟ್ಟರು. ಯಾವತ್ತಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದದ್ದು ಕಣ್ಣೆದುರೇ ಕುಸಿದುಬಿತ್ತು. ಅದನ್ನು ನೋಡಿದವರಿಗೆ ಯಾವ ವ್ಯವಸ್ಥೆಯ ಮೇಲೂ ಪೂರ್ತಿ ನಂಬಿಕೆ ಉಳಿಯುವುದಿಲ್ಲ, ಅಲ್ವಾ? ಐರೋಪ್ಯ ಒಕ್ಕೂಟವೂ ಒಡೆಯಬಹುದು ಅಂತ 2017ರಲ್ಲಿ 'ಆಫ್ಟರ್ ಯುರೋಪ್' ಬರೆದಾಗ ಕ್ರಸ್ತೆವ್ ಶುರು ಮಾಡಿದ್ದು ಈ ಅನುಭವದಿಂದಲೇ.

ತೊಂಬತ್ತರ ದಶಕ ಅಲ್ಲಿ ಕಷ್ಟದ ಕಾಲ. ಬ್ಯಾಂಕುಗಳು ಮುಳುಗಿದವು. 1997ರ ಫೆಬ್ರವರಿ ಒಂದೇ ತಿಂಗಳಲ್ಲಿ ಬೆಲೆಗಳು ಮೂರು ಪಟ್ಟು ದಾಟಿದವು. ಸರ್ಕಾರಿ ಸಂಬಳ ನಂಬಿಕೊಂಡ ಮೇಷ್ಟ್ರು, ಡಾಕ್ಟರು ಬೀದಿಗೆ ಬರುವ ಹಾಗಾಯಿತು. ಅಂಥ ಹೊತ್ತಲ್ಲಿ ಪಶ್ಚಿಮದ ಪ್ರತಿಷ್ಠಾನಗಳ ಹಣ ಒಂದು ಆಸರೆಯಾಯಿತು. ಅಮೆರಿಕದ ಸಿರಿವಂತ ಹೂಡಿಕೆದಾರ ಜಾರ್ಜ್ ಸೊರೊಸ್ ಅವರ ಓಪನ್ ಸೊಸೈಟಿ ಪ್ರತಿಷ್ಠಾನ 1990ರಲ್ಲೇ ಸೋಫಿಯಾಕ್ಕೆ ಬಂದಿತ್ತು. 1994ರಲ್ಲಿ ಹುಟ್ಟಿದ 'ಸೆಂಟರ್ ಫಾರ್ ಲಿಬರಲ್ ಸ್ಟ್ರಾಟಜೀಸ್' ಎಂಬ ಚಿಂತನಾ ಸಂಸ್ಥೆ ಕೂಡ ಇದೇ ಕಾಲದ ಕೂಸು. ಕ್ರಸ್ತೆವ್ ಅದರ ಮುಖ್ಯಸ್ಥರು.

ಅಲ್ಲಿಂದ ಸಂಪರ್ಕಗಳು ಬೆಳೆಯುತ್ತಾ ಹೋದವು. ಇಟಲಿಯ ಮಾಜಿ ಪ್ರಧಾನಿ ಜೂಲಿಯಾನೊ ಅಮಾತೊ ಅವರ ಅಧ್ಯಕ್ಷತೆಯ ಬಾಲ್ಕನ್ (ಆಗ್ನೇಯ ಯುರೋಪ್) ಆಯೋಗವನ್ನು ನಡೆಸುವ ಹೊಣೆ ಇವರ ಮೇಲೆ ಬಿತ್ತು. ಬಾಲ್ಕನ್ ದೇಶಗಳಿಗೆಲ್ಲ ಐರೋಪ್ಯ ಒಕ್ಕೂಟದ ಬಾಗಿಲು ತೆರೆಯಬೇಕು ಅಂತ ಆ ಆಯೋಗ 2005ರಲ್ಲಿ ಹೇಳಿತು. 2007ರಲ್ಲಿ ಬಲ್ಗೇರಿಯಾ ಒಕ್ಕೂಟ ಸೇರಿತು. ಅದೇ ವರ್ಷ 'ಯುರೋಪಿಯನ್ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್' ಎಂಬ ವಿದೇಶಾಂಗ ನೀತಿಯ ಚಿಂತನಾ ಸಂಸ್ಥೆ ಶುರುವಾದಾಗ ಅದರ ಸ್ಥಾಪಕ ಮಂಡಳಿಯಲ್ಲಿ ಇವರೂ ಇದ್ದರು. ಅಲ್ಲೂ ಸೊರೊಸ್ ಹಣ ಇತ್ತು. 2023ರಲ್ಲಿ ಅದರ ನಿರ್ದೇಶಕ ಮಾರ್ಕ್ ಲೆನಾರ್ಡ್, ಬ್ರಿಟಿಷ್ ಇತಿಹಾಸಕಾರ ಟಿಮೊಥಿ ಗಾರ್ಟನ್ ಆಶ್ ಜೊತೆ ಇದೇ ಸಂಸ್ಥೆಗೆ ಬರೆದ ಸಮೀಕ್ಷಾ ವರದಿಯಲ್ಲಿ ನಮ್ಮ ದೇಶವೂ ಇತ್ತು. ಉಕ್ರೇನ್ ಯುದ್ಧ ನಡೆಯುತ್ತಿದ್ದರೂ ಉತ್ತರ ಕೊಟ್ಟ ಭಾರತೀಯರಲ್ಲಿ ಹೆಚ್ಚಿನವರಿಗೆ ರಷ್ಯಾ ಗೆಳೆಯನೇ ಆಗಿತ್ತು.

ಸೊರೊಸ್ ಹಣ ಪಡೆದವರು ಅಂತ ಇಂಥವರನ್ನು ಬೈಯಲು ಬಲ್ಗೇರಿಯಾದಲ್ಲಿ ಒಂದು ಪದವೇ ಇದೆ, 'ಸೊರೊಸೊಯ್ಡ್'. ಹಣ ಎಲ್ಲಿಂದ ಬಂತು ಅಂತ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಸುಮ್ನೆ ಬೈದುಬಿಟ್ಟರೆ ಅವರು ಬರೆದದ್ದನ್ನು ಓದುವ ಕೆಲಸ ತಪ್ಪಿಹೋಗುತ್ತದೆ. ಭ್ರಷ್ಟಾಚಾರ ವಿರೋಧಿ ಯೋಜನೆಗಳಿಗೆ ಪಶ್ಚಿಮದ ದೇಶಗಳು ಹಣ ಸುರಿಯುತ್ತಿದ್ದ ಕಾಲದಲ್ಲೇ, 2004ರಲ್ಲಿ, ಕ್ರಸ್ತೆವ್ ಅದನ್ನು ಪ್ರಶ್ನಿಸಿ ಪುಸ್ತಕ ಬರೆದರು. ಎಲ್ಲರೂ ಕಳ್ಳರು ಅಂತ ದಿನಾ ಹೇಳುತ್ತಿದ್ದರೆ ಜನರಿಗೆ ಪ್ರಜಾಪ್ರಭುತ್ವದ ಮೇಲೆಯೇ ನಂಬಿಕೆ ಹೋಗುತ್ತದೆ ಎಂಬುದು ಅವರ ಆತಂಕ. ಅನ್ನ ಕೊಟ್ಟವರಿಗೆ ಹೀಗೆ ಎದುರು ಮಾತಾಡಲು ಧೈರ್ಯ ಬೇಕು.

ಅವರ ಬರಹಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅಮೆರಿಕದ ಸ್ಟೀಫನ್ ಹೋಮ್ಸ್ ಜೊತೆ 2019ರಲ್ಲಿ ಬರೆದ 'ದಿ ಲೈಟ್ ದಟ್ ಫೇಲ್ಡ್'. 1989ರ ನಂತರ ಪೂರ್ವ ಯುರೋಪಿಗೆ ಸಿಕ್ಕ ಸೂಚನೆ ಒಂದೇ: ಪಶ್ಚಿಮವನ್ನು ನೋಡಿ ಕಲಿಯಿರಿ. ಇನ್ನೊಬ್ಬರ ಹಾಗೆ ಆಗಬೇಕು ಅಂತ ಮೂವತ್ತು ವರ್ಷ ಹೆಣಗುವವನಿಗೆ ಒಳಗೊಳಗೇ ಅವಮಾನ ಕುದಿಯುತ್ತದೆ. ಅದರ ಮೇಲೆ ಹಳ್ಳಿಯ ಶಾಲೆ ಮುಚ್ಚಿದೆ, ನರ್ಸ್ ಜರ್ಮನಿಗೆ ಹೋಗಿದ್ದಾಳೆ. 2015ರಲ್ಲಿ ಸಿರಿಯಾದ ನಿರಾಶ್ರಿತರು ಬಂದಾಗ ಪೂರ್ವ ಯುರೋಪು ಅಷ್ಟೊಂದು ಹೆದರಿದ್ದು ಯಾಕೆ ಅಂದರೆ, ಬಂದವರಿಗಿಂತ ಹೋದವರ ಲೆಕ್ಕ ದೊಡ್ಡದು ಅನ್ನುತ್ತದೆ ಈ ಪುಸ್ತಕ. ತಮ್ಮ ಮಕ್ಕಳೇ ಇಲ್ಲದ ಊರಿಗೆ ಬೇರೆಯವರು ಬಂದರೆ ನಾಳೆ ನಮ್ಮ ಹಾಡು, ನಮ್ಮ ಭಾಷೆ ಯಾರ ಬಾಯಲ್ಲಿ ಉಳಿಯುತ್ತದೆ ಎಂಬ ಭಯ ಅದು. ಆ ಭಯವನ್ನು ಬಳಸಿಕೊಂಡ ನಾಯಕರನ್ನು ಕ್ರಸ್ತೆವ್ ಒಪ್ಪುವುದಿಲ್ಲ. ಆದರೆ ಭಯಪಟ್ಟವರನ್ನು ಹೀಗಳೆಯುವುದೂ ಇಲ್ಲ.

ಅವರೂ ಊರು ಬಿಟ್ಟವರೇ. ವಿಯೆನ್ನಾದ ಡ್ಯಾನ್ಯೂಬ್ ಕಾಲುವೆಯ ದಡದಲ್ಲಿ ಮಾನವಿಕ ವಿಜ್ಞಾನಗಳ ಸಂಸ್ಥೆಯೊಂದಿದೆ. ಗೋಡೆ ಇನ್ನೂ ಗಟ್ಟಿಯಾಗಿದ್ದ 1982ರಲ್ಲಿ, ಪೂರ್ವ ಪಶ್ಚಿಮದ ಚಿಂತಕರು ಒಟ್ಟಿಗೆ ಕೂತು ಮಾತಾಡಲಿ ಅಂತ ಪೋಲೆಂಡಿನ ಕ್ರಿಸ್ಟೊಫ್ ಮಿಖಾಲ್ಸ್ಕಿ ಕಟ್ಟಿದ ಸಂಸ್ಥೆ. ಕ್ರಸ್ತೆವ್ ಅಲ್ಲಿ ಕಾಯಂ ಫೆಲೋ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಎಲ್ಲರೂ ಮನೆಯಲ್ಲೇ ಇರಿ ಅಂದರು. ಹತ್ತು ವರ್ಷದಿಂದ ಇದ್ದ ಊರು ವಿಯೆನ್ನಾ. ಅಲ್ಲಿನ ಆಸ್ಪತ್ರೆಗಳೂ ಬಲ್ಗೇರಿಯಾಕ್ಕಿಂತ ಎಷ್ಟೋ ಪಾಲು ಚೆನ್ನಾಗಿದ್ದವು. ಆದರೂ ಕ್ರಸ್ತೆವ್ ಕುಟುಂಬ ಹೊರಟಿದ್ದು ಬಲ್ಗೇರಿಯಾಕ್ಕೆ. ಮನೆಯಲ್ಲಿರಿ ಅಂದಾಗ ಮನೆ ಅಂತ ತಮಗೆ ನೆನಪಾಗಿದ್ದು ಅದೇ, ಅಂತ ಆ ವರ್ಷ ಬರೆದ ಪುಟ್ಟ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಲಾಕ್‌ಡೌನ್ ಕಳೆದದ್ದು ಹಳ್ಳಿಗಾಡಿನಲ್ಲಿ, ಗೆಳೆಯರ ಮನೆಯೊಂದರಲ್ಲಿ.