ತಕ್ಕಡಿಗೆ ಸಿಕ್ಕಿದ್ದು, ಕಣ್ಣಿಗೆ ಸಿಗದಿದ್ದು

ತೀರ್ಥಹಳ್ಳಿ ಕಡೆಯ ಊರುಗಳಲ್ಲಿ ಮಳೆ ಪೂರ್ತಿ ಹಿಂದೆಗೆದು ಆಕಾಶ ತೆರೆದುಕೊಳ್ಳುವುದೂ ಅಡಿಕೆ ಕೊಯ್ಲು ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಕಳೆದ ನವೆಂಬರಿನ ಒಂದು ಸಂಜೆ ಮೆಟ್ಟುಗತ್ತಿಗಳ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ ಕರೆಂಟು ಹೋಗಿ ಅಂಗಳ ಕತ್ತಲಾಯಿತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ತೋಟದಾಚೆ ಪಡುವಣಕ್ಕೆ ವಾಲಿದ್ದ ರಾಜಹಂಸ ನಕ್ಷತ್ರಪುಂಜದ ಬಳಿ ಆಕಾಶಗಂಗೆ ಸೀಳಿ ಎರಡಾಗಿರುವುದು ಚೆನ್ನಾಗಿ ಕಂಡಿತು. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿರುವ ಅಣ್ಣನ ಮಗ ಆ ಕಪ್ಪು ಸೀಳನ್ನು ತೋರಿಸಿ, “ಚಿಕ್ಕಪ್ಪ, ಡಾರ್ಕ್ ಮ್ಯಾಟರ್ ಅಂದ್ರೆ ಅದೇನಾ?” ಎಂದು ಕೇಳಿದ. ಅದಲ್ಲ. ಅದು ದೂಳು, ಹಿಂದಿನ ನಕ್ಷತ್ರಗಳ ಬೆಳಕನ್ನು ತಡೆಯುವ, ನಮ್ಮ ಮೈಯಲ್ಲಿರುವಂಥದೇ ಪರಮಾಣುಗಳ ದೂಳು. ಭೌತವಿಜ್ಞಾನಿಗಳು ಹುಡುಕುತ್ತಿರುವ ದ್ರವ್ಯ ಬೆಳಕನ್ನು ಹೊಮ್ಮಿಸುವುದಿಲ್ಲ, ಹೀರುವುದಿಲ್ಲ, ತಡೆಯುವುದೂ ಇಲ್ಲ. ಕನ್ನಡದಲ್ಲಿ ಅದನ್ನು ಕಪ್ಪು ದ್ರವ್ಯವೆಂದು ಕರೆದು ರೂಢಿಯಾಗಿದೆ. ಗಾಜಿಗಿಂತ ಪಾರದರ್ಶಕವಾದ ವಸ್ತುವಿಗೆ ಅದು ಒಪ್ಪುವ ಹೆಸರೇನಲ್ಲ.

ಕಾಣದಿದ್ದರೂ ಅದು ಇದೆಯೆಂಬ ಮಾತು ಹುಟ್ಟಿದ್ದು ಎರಡು ಲೆಕ್ಕಗಳು ತಾಳೆಯಾಗದೆ ಹೋದಾಗ. ತೋಟವನ್ನು ಚೇಣಿಗೆ ಹಿಡಿಯುವವರು ಮರದ ಮೇಲಿನ ಕೊನೆಗಳನ್ನು ನೋಡಿ ಇಷ್ಟು ಕ್ವಿಂಟಲ್ ಆದೀತೆಂದು ಅಂದಾಜು ಕಟ್ಟುತ್ತಾರೆ. ಮಂಡಿಯ ತಕ್ಕಡಿ ಬೇರೆ ಅಂಕಿ ಹೇಳಬಹುದು, ಆದರೆ ನೂರು ಪಟ್ಟು ಹೇಳಿದರೆ ಯಾರೂ ಸುಮ್ಮನಿರಲಾರರು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಅವರಿಗೆ ಆದದ್ದು ಹೀಗೆಯೇ. ಕೋಮಾ ಎಂಬ ಗೆಲಾಕ್ಸಿ ಗುಚ್ಛದ ತೂಕವನ್ನು ಅವರು ಒಮ್ಮೆ ಅದರ ಬೆಳಕಿನಿಂದ ಅಂದಾಜು ಮಾಡಿದರು. ಇನ್ನೊಮ್ಮೆ, ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸಿನ ವೇಗದಲ್ಲಿ ಓಡಾಡುವ ಅಲ್ಲಿನ ಗೆಲಾಕ್ಸಿಗಳು ಚದುರದಂತೆ ಹಿಡಿದಿಡಲು ಎಷ್ಟು ಗುರುತ್ವ ಬೇಕೆಂದು ಲೆಕ್ಕ ಹಾಕಿದರು. ಎರಡನೆಯ ತೂಕ ಮೊದಲನೆಯದರ ನೂರಾರು ಪಟ್ಟು ಬಂತು. ಬ್ರಹ್ಮಾಂಡದ ದೂರಗಳ ಅಂದಿನ ಅಳತೆಯೇ ತಪ್ಪಾಗಿದ್ದರಿಂದ ಆ ಅಂಕಿ ಉಬ್ಬಿತ್ತು. ಅಲ್ಲದೆ ಗುಚ್ಛದ ತುಂಬ ಹರಡಿರುವ ಬಿಸಿ ಅನಿಲದ ತೂಕ ನಕ್ಷತ್ರಗಳ ತೂಕಕ್ಕಿಂತ ಎಷ್ಟೋ ಹೆಚ್ಚೆಂಬುದು ಗೊತ್ತಾದದ್ದು ಎಕ್ಸ್‌-ರೇ ದೂರದರ್ಶಕಗಳು ಬಂದ ಮೇಲೆ, ಅಂದರೆ ಕಾಣೆಯಾಗಿದ್ದ ತೂಕದ ಒಂದು ಪಾಲು ಮಾಮೂಲಿ ದ್ರವ್ಯವಾಗಿಯೇ ಸಿಕ್ಕಿತು. ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಆರರಲ್ಲಿ ಐದು ಪಾಲಿನಷ್ಟಕ್ಕೆ ಲೆಕ್ಕ ಸಿಕ್ಕಿಲ್ಲ.

ಜ್ವಿಕಿಯವರ ಮಾತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬದಿಗೆ ಬಿದ್ದಿತ್ತು. ಅದು ಮತ್ತೆ ಮುಂದೆ ಬಂದದ್ದು ದೇವಯಾನಿ ಗೆಲಾಕ್ಸಿಯಿಂದ. ನವೆಂಬರ್ ರಾತ್ರಿ ನಮ್ಮ ಅಂಗಳದಿಂದ ಉತ್ತರಕ್ಕೆ ಮುಖಮಾಡಿ ತಲೆಯೆತ್ತಿದರೆ ಬರಿಗಣ್ಣಿಗೂ ಮಸುಕಾಗಿ ಕಾಣುವ ಗೆಲಾಕ್ಸಿ ಅದು. ಸೂರ್ಯನಿಂದ ದೂರ ಹೋದಷ್ಟೂ ಗ್ರಹಗಳ ನಡೆ ನಿಧಾನವಾಗುತ್ತದೆ: ಬುಧನದು ಸೆಕೆಂಡಿಗೆ ಸುಮಾರು 47 ಕಿ.ಮೀ., ನೆಪ್ಚೂನಿನದು 5.4 ಕಿ.ಮೀ. ಗೆಲಾಕ್ಸಿಯ ಅಂಚಿನಲ್ಲೂ ಹಾಗೆಯೇ ಇರಬೇಕಿತ್ತು. ಆದರೆ ಕೆಂಟ್ ಫೋರ್ಡ್ ಸಿದ್ಧಪಡಿಸಿದ್ದ ಸೂಕ್ಷ್ಮ ಉಪಕರಣದಿಂದ ವೆರಾ ರೂಬಿನ್ ಮತ್ತು ಫೋರ್ಡ್ ದೇವಯಾನಿಯ ಅನಿಲ ಮೋಡಗಳ ವೇಗವನ್ನು ಅಳೆದು 1970ರಲ್ಲಿ ಪ್ರಕಟಿಸಿದಾಗ ನಿರೀಕ್ಷಿಸಿದ ಇಳಿಕೆ ಅದರಲ್ಲಿ ಇರಲಿಲ್ಲ. 1978ರಲ್ಲಿ ಆಲ್ಬರ್ಟ್ ಬೋಸ್ಮಾ ರೇಡಿಯೊ ಅಲೆಗಳ ಮೂಲಕ ಬೆಳಕಿನ ಅಂಚಿನಿಂದ ಎಷ್ಟೋ ಆಚೆಗೆ ನೋಡಿದಾಗಲೂ ಅದೇ ಕಂಡಿತು. 1980ರಲ್ಲಿ ರೂಬಿನ್ ತಂಡ ಪರಿಶೀಲಿಸಿದ 21 ಗೆಲಾಕ್ಸಿಗಳಲ್ಲೂ ಅದೇ. ಅಂಚಿನ ಆ ವೇಗವನ್ನು ಹಿಡಿದಿಡಲು ಕಾಣುವ ದ್ರವ್ಯದ ಗುರುತ್ವವೊಂದೇ ಸಾಲದು. ಈ ಶೋಧದ ಹೆಸರನ್ನು ರೂಬಿನ್ ಒಬ್ಬರಿಗೇ ಕಟ್ಟುವ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ರೇಡಿಯೊ ಅಳತೆಗಳಿಲ್ಲದೆ ವಾದ ಇಷ್ಟು ಗಟ್ಟಿಯಾಗುತ್ತಿರಲಿಲ್ಲ.

ಹಾಗಾದರೆ ತಕ್ಕಡಿಯೇ ಕೆಟ್ಟಿರಬಹುದಲ್ಲವೇ? ಈ ಅನುಮಾನಕ್ಕೆ ಇತಿಹಾಸದಲ್ಲಿ ಎರಡೂ ಬಗೆಯ ಸಾಕ್ಷಿ ಇದೆ, ಅದೂ ಒಬ್ಬನೇ ಮನುಷ್ಯನ ಬದುಕಿನಲ್ಲಿ. ಯುರೇನಸ್ಸಿನ ನಡೆ ತಪ್ಪುತ್ತಿರುವುದಕ್ಕೆ ಕಾಣದ ಗ್ರಹವೊಂದು ಕಾರಣವೆಂದು ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿದ್ದರಿಂದ 1846ರಲ್ಲಿ ನೆಪ್ಚೂನ್ ಸಿಕ್ಕಿತು. ಅದೇ ಲೆವೆರಿಯೆ ಬುಧನ ನಡೆಯ ಸಣ್ಣ ದೋಷಕ್ಕೂ ವಲ್ಕನ್ ಎಂಬ ಕಾಣದ ಗ್ರಹವನ್ನು ಕಲ್ಪಿಸಿದ. ಅಂಥ ಗ್ರಹ ಇರಲೇ ಇಲ್ಲ, ದೋಷವಿದ್ದದ್ದು ನ್ಯೂಟನ್ನನ ನಿಯಮದಲ್ಲಿ ಎಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. ಕಪ್ಪು ದ್ರವ್ಯದ ವಿಷಯದಲ್ಲಿ ಎರಡನೆಯ ದಾರಿ ಹಿಡಿದವರು ಇಸ್ರೇಲಿನ ಮೊರ್ಡೆಹೈ ಮಿಲ್‌ಗ್ರೋಮ್. ವೇಗೋತ್ಕರ್ಷ ಬಹಳ ಕಡಿಮೆಯಿರುವಲ್ಲಿ ಗುರುತ್ವದ ನಿಯಮವೇ ಬೇರೆಯಾಗುತ್ತದೆಂದು ಅವರು 1983ರಲ್ಲಿ ಸೂಚಿಸಿದರು. ಬಿಡಿ ಗೆಲಾಕ್ಸಿಗಳ ಮಟ್ಟಿಗೆ ಈ ಸೂತ್ರ ಅಚ್ಚರಿಯಾಗುವಷ್ಟು ಸರಿಹೊಂದುತ್ತದೆ, ಮತ್ತು ಹಾಗೇಕೆ ಹೊಂದುತ್ತದೆಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ಗುಚ್ಛಗಳ ಮಟ್ಟಿಗೆ ಮಾತ್ರ ಅದು ಸೋಲುತ್ತದೆ.

2006ರಲ್ಲಿ ಪ್ರಕಟವಾದ ಬುಲೆಟ್ ಕ್ಲಸ್ಟರ್ ಅಧ್ಯಯನ ಆ ಸೋಲನ್ನು ಎದ್ದುಕಾಣುವಂತೆ ಮಾಡಿತು. ಅಲ್ಲಿ ಎರಡು ಗುಚ್ಛಗಳು ಒಂದರೊಳಗೊಂದು ಹಾದುಹೋಗಿವೆ. ಅನಿಲ ಅನಿಲಕ್ಕೆ ಡಿಕ್ಕಿ ಹೊಡೆದು ನಡುವೆ ಹಿಂದುಳಿದಿದೆ. ತೂಕ ಹೆಚ್ಚಿರುವಲ್ಲಿ ಅದರ ಗುರುತ್ವಕ್ಕೆ ಬೆಳಕು ಹೆಚ್ಚು ಬಾಗುತ್ತದೆ. ಕಾಣುವ ತೂಕದ ಬಹುಪಾಲು ಆ ಅನಿಲದಲ್ಲಿದ್ದರೂ, ಹಿಂದಿನಿಂದ ಬರುವ ಬೆಳಕು ಹೆಚ್ಚು ಬಾಗುವುದು ಅನಿಲವನ್ನು ದಾಟಿ ಮುಂದೆ ಸಾಗಿದ ಗೆಲಾಕ್ಸಿಗಳ ಸುತ್ತ. ಬ್ರಹ್ಮಾಂಡದ ಬಾಲ್ಯದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹ 2013ರಲ್ಲಿ ಕೊಟ್ಟ, ಬ್ರಹ್ಮಾಂಡದಲ್ಲಿ ಏನೇನು ಎಷ್ಟಿದೆ ಎಂಬ ಪಟ್ಟಿಯಲ್ಲಿ ಮಾಮೂಲಿ ದ್ರವ್ಯ ಶೇ. 4.9, ಕಪ್ಪು ದ್ರವ್ಯ ಶೇ. 26.8, ಉಳಿದದ್ದು ಬ್ರಹ್ಮಾಂಡದ ಹಿಗ್ಗುವಿಕೆಯನ್ನು ಹೆಚ್ಚಿಸುವ ಕಪ್ಪು ಶಕ್ತಿ. ಬೇರೆ ಬೇರೆ ತಕ್ಕಡಿಗಳು ಒಂದೇ ಕಡೆಗೆ ವಾಲುವಾಗ ತೂಕ ನಿಜವೆಂದು ನಂಬುವುದೇ ಸರಿಯೆಂದು ನನಗನ್ನಿಸುತ್ತದೆ. ಮೂಟೆಯೊಳಗೆ ಏನಿದೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಬಹುಕಾಲ ಮುಂಚೂಣಿಯಲ್ಲಿದ್ದ ಉತ್ತರ ವಿಂಪ್, ಅಂದರೆ ಇತರ ದ್ರವ್ಯವನ್ನು ತೀರ ಅಪರೂಪಕ್ಕೆ ತಾಕುವ ಭಾರದ ಕಣ. ಅದನ್ನು ಹಿಡಿಯಲು ಆಕಾಶದಿಂದ ಸದಾ ಸುರಿಯುವ ಇತರ ಕಣಗಳನ್ನು ತಡೆಯಬೇಕು, ಅದಕ್ಕೆ ತಲೆಯ ಮೇಲೆ ಬಂಡೆ ಬೇಕು. ಈ ಉಪಾಯ ಕರ್ನಾಟಕಕ್ಕೆ ಹೊಸದಲ್ಲ: 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿ.ಮೀ.ಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳು, ಅಂದರೆ ಬಂಡೆಯನ್ನೂ ಸಲೀಸಾಗಿ ತೂರಿಹೋಗುವ ಅತಿ ಹಗುರ ಕಣಗಳು, ಪತ್ತೆಯಾಗಿದ್ದವು. ಈಗ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಪ್ರಯೋಗಾಲಯ ಇದೇ ಹುಡುಕಾಟಕ್ಕೆ ನೆಲೆಯಾಗಿದೆ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ತುಂಬಿಕೊಂಡು ಕಾಯುತ್ತಿರುವ ಎಲ್‌ಜ಼ಡ್ ಪ್ರಯೋಗ, 280 ದಿನಗಳ ದತ್ತಾಂಶದಲ್ಲೂ ಏನೂ ಸಿಗಲಿಲ್ಲವೆಂದು 2024ರಲ್ಲಿ ತಿಳಿಸಿತು. ಇಟಲಿಯ ಡಾಮಾ ಪ್ರಯೋಗ ಮಾತ್ರ ಜೂನ್ ಆರಂಭದ ಹೊತ್ತಿಗೆ ಏರಿ ಡಿಸೆಂಬರಿಗೆ ಇಳಿಯುವ, ಕಪ್ಪು ದ್ರವ್ಯದ್ದೆಂದು ತಾನು ಭಾವಿಸುವ ಸಂಕೇತವೊಂದು ತನಗೆ ವರ್ಷ ವರ್ಷವೂ ಕಾಣುತ್ತಿದೆಯೆಂದು 1990ರ ದಶಕದಿಂದಲೂ ಹೇಳುತ್ತ ಬಂದಿದೆ. ಅದೇ ಬಗೆಯ ಸೋಡಿಯಂ ಅಯೊಡೈಡ್ ಹರಳುಗಳನ್ನು ಬಳಸಿದ ಸ್ಪೇನ್ ಮತ್ತು ಕೊರಿಯಾದ ಪ್ರಯೋಗಗಳಿಗೆ ಅದು ಕಂಡಿಲ್ಲ. ವಿಂಪ್‌ಗಿಂತ ಎಷ್ಟೋ ಹಗುರವಾದ ಆಕ್ಸಿಯಾನ್ ಎಂಬ ಕಣದ ಕಡೆಗೂ ಈಗ ಹಲವರು ತಿರುಗಿದ್ದಾರೆ.

ಕ್ಸೆನಾನ್ ತೊಟ್ಟಿಗಳಿಗೆ ಇದೀಗ ಹೊಸ ತೊಡಕು ಎದುರಾಗಿದೆ. ಅವು ಎಷ್ಟು ಸೂಕ್ಷ್ಮವಾಗಿವೆಯೆಂದರೆ ಯಾವ ಬಂಡೆಯೂ ತಡೆಯಲಾರದ ಸೂರ್ಯನ ನ್ಯೂಟ್ರಿನೊಗಳ ಸುಳಿವು ಅವುಗಳಲ್ಲಿ ಸಿಗತೊಡಗಿದೆ, ಮತ್ತು ಆ ತಾಕು ವಿಂಪ್ ತಾಕಿದಂತೆಯೇ ಕಾಣುತ್ತದೆ. ವಿಜ್ಞಾನಿಗಳು ಇದಕ್ಕೆ ನ್ಯೂಟ್ರಿನೊ ಮಂಜು ಎಂದು ಹೆಸರಿಟ್ಟಿದ್ದಾರೆ. ಆಗುಂಬೆ ಘಾಟಿಯಲ್ಲಿ ವಾಹನ ಓಡಿಸಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಣ ಯಾವ ದಿಕ್ಕಿನಿಂದ ಬಂತೆಂದು ಗುರುತಿಸಬಲ್ಲ ಉಪಕರಣ ಕಟ್ಟುವುದು ಇದರಿಂದ ಹೊರಬರುವ ಒಂದು ದಾರಿ. ನ್ಯೂಟ್ರಿನೊಗಳು ಬರುವುದು ಸೂರ್ಯನ ಕಡೆಯಿಂದ. ಗೆಲಾಕ್ಸಿಯ ಸುತ್ತ ಓಡುವ ಸೂರ್ಯನ ಜೊತೆ ನಾವೂ ಕಪ್ಪು ದ್ರವ್ಯದೊಳಗೆ ನುಗ್ಗುತ್ತಿರುವುದರಿಂದ ಅದರ ಕಣಗಳು ಎದುರುಗಾಳಿಯಂತೆ ನಾವು ಸಾಗುವ ದಿಕ್ಕಿನಿಂದ ಹೆಚ್ಚಾಗಿ ಬರಬೇಕು. ಆ ದಿಕ್ಕು ರಾಜಹಂಸದ್ದು. ಹುಡುಗ ತೋರಿಸಿದ ವಸ್ತು ತಪ್ಪಾಗಿತ್ತು, ಬೆರಳು ಸರಿಯಾದ ಕಡೆಗೇ ಇತ್ತು.