ಫೋರ್‌ಸೈಟ್ ಯಾವ ಕಡೆ ಸರಿಸಬೇಕು? ತ್ರೀ ನಾಟ್ ತ್ರೀ ಕಲಿತವನ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ಮುಗಿಸಿ ಮೂಡಿಗೆರೆಗೆ ಬಂದು ಮೂರು ದಿನ ಆಯಿತು. ಬಲಭುಜ ಇನ್ನೂ ನೋಯುತ್ತಿದೆ. ಅಲ್ಲಿ ತ್ರೀ ನಾಟ್ ತ್ರೀ (.303) ರೈಫಲ್‌ನ ಫೋರ್‌ಸೈಟ್, ಅಂದ್ರೆ ಗುರಿ ಹಿಡಿಯಲು ನಳಿಗೆ ತುದಿಯಲ್ಲಿರುವ ಸಣ್ಣ ಕಡ್ಡಿ, ಸರಿಸುವ ಬಗ್ಗೆ ಕಲಿತದ್ದನ್ನು ತಲೆಯಲ್ಲಿ ಇರುವಾಗಲೇ ಬರೆದಿಡುತ್ತಿದ್ದೇನೆ. ಮುಂದಿನ ಶಿಬಿರಕ್ಕೆ ಹೋಗುವವರಿಗೂ ಉಪಯೋಗ ಆಗಬಹುದು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಸೇನೆಯ ಹಳೇ .303 ರೈಫಲ್, ಅಂದ್ರೆ ಬ್ರಿಟಿಷರ ಲೀ-ಎನ್‌ಫೀಲ್ಡ್, ಕೊಂಡುಕೊಳ್ಳಬಹುದಾ? ನಮ್ಮಂಥವರಿಗೆ ಆಗಲ್ಲ. 2016ರ ಆರ್ಮ್ಸ್ ರೂಲ್ಸ್‌ನಲ್ಲಿ .303 ಮತ್ತು 7.62 ಬೋರಿನ (ನಳಿಗೆ ಒಳಗಿನ ಅಳತೆಯ) ರೈಫಲ್‌ಗಳು ನಿಷೇಧಿತ ಬೋರ್ ಪಟ್ಟಿಯಲ್ಲಿವೆ. ಅಮೆರಿಕದಲ್ಲಿ ಇದೇ ಲೀ-ಎನ್‌ಫೀಲ್ಡ್, ರಷ್ಯಾದ ಮೋಸಿನ್-ನಗಾಂತ್, ಜರ್ಮನಿಯ ಮೌಸರ್ ಎಲ್ಲ ಸರ್‌ಪ್ಲಸ್ ಮಾಲು ಅಂತ ಅಂಗಡಿಯಲ್ಲಿ ಸಿಗುತ್ತವೆ. ನಮ್ಮಲ್ಲಿ .303ರ ಹತ್ತಿರದ ನೆಂಟ ಅಂದ್ರೆ .315 ರೈಫಲ್. ನಮ್ಮದೇ ಆರ್ಡ್‌ನೆನ್ಸ್ ಫ್ಯಾಕ್ಟರಿಯದು, ಬೋಲ್ಟ್ (ತೋಟಾ ಒಳಗೆ ತಳ್ಳಿ ನಳಿಗೆ ಹಿಂದೆ ಮುಚ್ಚುವ ಅಗುಳಿ) ಹೆಚ್ಚುಕಮ್ಮಿ ಲೀ-ಎನ್‌ಫೀಲ್ಡಿನದೇ. ತೋಟಾ ಮಾತ್ರ ಬೇರೆ, 8 ಮಿ.ಮೀ. ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಲೈಸೆನ್ಸ್ ಇದ್ದವರು .315 ಇಟ್ಟುಕೊಳ್ಳಬಹುದು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ಅರ್ಜಿ, ಪೊಲೀಸ್ ವಿಚಾರಣೆ, ಡಿಸಿ ಆಫೀಸು ಅಲೆದಾಟ ನಿಮಗೇ ಗೊತ್ತಿರುತ್ತೆ, ಬರೆಯಲ್ಲ.

ಬೋಲ್ಟ್ ಎಳೆಯುವುದು ಸುಲಭ. ಒಂದೇ ವಿಷಯ ನೆನಪಿಡಿ: ಲೀ-ಎನ್‌ಫೀಲ್ಡಿನಲ್ಲಿ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟ್ ಮುಂದಕ್ಕೆ ತಳ್ಳುವಾಗ. ಕೊನೇ ಒಂದಿಂಚು ಗಟ್ಟಿ ಅನ್ನಿಸುತ್ತೆ. ಏನೋ ಸಿಕ್ಕಿಕೊಂಡಿದೆ ಅಂತ ನಾನು ಕೈಬಿಟ್ಟು ಬೈಸಿಕೊಂಡೆ.

ಈಗ ನಾನು ಎಡವಿದ ಜಾಗ.

ನಮ್ಮ ಮನೆಯಲ್ಲಿ ಇರುವುದು ಜೋಡಿ ನಳಿಗೆಯ ತೋಟಾಕೋವಿ. ಅದರ ತುದಿಯಲ್ಲಿ ಒಂದು ಮಣಿ, ಅಷ್ಟೇ. ರೈಫಲ್‌ನಲ್ಲಿ ಹಾಗಲ್ಲ. ಕಣ್ಣಿನ ಕಡೆ ಬ್ಯಾಕ್‌ಸೈಟ್, ಅದರಲ್ಲಿ ಒಂದು ಸಣ್ಣ ಕಚ್ಚು. ತುದಿಯಲ್ಲಿ ಕಿವಿಯಂಥ ಎರಡು ತಗಡುಗಳ ನಡುವೆ ಫೋರ್‌ಸೈಟ್. ಕಚ್ಚಿನ ನಡುವೆ ಫೋರ್‌ಸೈಟ್ ಟಿಪ್, ಟಿಪ್ ಮೇಲೆ ಬುಲ್, ಅಂದ್ರೆ ಟಾರ್ಗೆಟ್‌ನ ನಡುವಿನ ಕಪ್ಪು ವೃತ್ತ. ಇಷ್ಟು ಸಾಲಾಗಿ ಬಂದರೆ ಕುದುರೆ (ಟ್ರಿಗರ್) ಒತ್ತಬೇಕು.

50 ಮೀಟರಿನಲ್ಲಿ ಮಲಗಿ ಐದು ಹೊಡೆದೆ. ಐದೂ ಒತ್ತಾಗಿ ಬಿದ್ದಿದ್ದವು, ಆದರೆ ಬುಲ್‌ನಿಂದ 12 ಸೆಂ.ಮೀ. ಬಲಕ್ಕೆ. ನನಗಿಂತ ಮುಂಚೆ ಅದೇ ರೈಫಲ್ ಹಿಡಿದ ಇಬ್ಬರದ್ದೂ ಬಲಕ್ಕೇ ಇತ್ತು. ಅಂದ್ರೆ ತಪ್ಪು ಕೈಯದ್ದಲ್ಲ, ಸೈಟಿನದು. (ಒಬ್ಬರದ್ದೇ ಬಲಕ್ಕೆ ಹೋಗ್ತಿದ್ರೆ ಸೈಟ್ ಮುಟ್ಟಬಾರದು, ಕುದುರೆ ಎಳೆಯೋ ಬೆರಳನ್ನು ನೋಡಬೇಕು.) ತರಬೇತಿ ಕೊಡುವ ಉಸ್ತಾದರು ಕೇಳಿದರು: "ಫೋರ್‌ಸೈಟ್ ಯಾವ ಕಡೆ ಸರಿಸ್ತೀರಿ ಹೇಳಿ?"

"ಎಡಕ್ಕೆ ಸರ್," ಅಂದೆ. ಗುಂಡು ಎಡಕ್ಕೆ ಬರಬೇಕಲ್ವಾ?

"ಹಾಗೆ ಮಾಡಿದ್ರೆ ಮುಂದಿನ ಈಡು ಪಕ್ಕದವರ ಟಾರ್ಗೆಟ್‌ಗೆ," ಅಂದರು. ಸ್ಕ್ರೂ ಇರುವ ಸಣ್ಣ ಉಪಕರಣ ಹಾಕಿ ಫೋರ್‌ಸೈಟನ್ನು ಬಲಕ್ಕೆ ಜರುಗಿಸಿದರು. ಮುಂದಿನ ಐದು ಬುಲ್ ಅಂಚಿಗೆ ಬಂದವು. ನಾನು ತಲೆ ಆಡಿಸಿದೆ. ಅರ್ಥ ಆಗಿರಲಿಲ್ಲ.

ಮನೆಗೆ ಬಂದು ಕಾಫಿ ಕಣದ ಪಕ್ಕ ಬಿದ್ದಿದ್ದ ಒಂದು ರೀಪು ತಂದೆ. ಅದರ ಮೇಲೆ 49 ಸೆಂ.ಮೀ. ದೂರಕ್ಕೆ ಎರಡು ಮೊಳೆ ಹೊಡೆದೆ. ಹಳೇ ಮಾದರಿಯ .303 ರೈಫಲ್‌ನಲ್ಲಿ ಎರಡು ಸೈಟುಗಳ ನಡುವೆ ಸುಮಾರು ಅಷ್ಟೇ ದೂರ. ರೀಪಿಗೆ ಒಂದು ಲೇಸರ್ ಪಾಯಿಂಟರ್ ಟೇಪ್ ಸುತ್ತಿದೆ. ರೀಪು ನಳಿಗೆ, ಲೇಸರ್ ಚುಕ್ಕೆ ಗುಂಡು. ಐದು ಮೀಟರ್ ಆಚೆ ಗೋಡೆಯಲ್ಲಿ ಸೀಮೆಸುಣ್ಣದ ಗುರುತು. ಎರಡೂ ಮೊಳೆಯನ್ನು ಗುರುತಿನ ಸಾಲಿಗೆ ತಂದು ಚುಕ್ಕೆ ಎಲ್ಲಿದೆ ಅಂತ ತಮ್ಮನ ಹತ್ತಿರ ಬರೆಸಿದೆ. ಆಮೇಲೆ ಮುಂದಿನ ಮೊಳೆ ಕಿತ್ತು 5 ಮಿ.ಮೀ. ಬಲಕ್ಕೆ ಹೊಡೆದು ಮತ್ತೆ ಸಾಲಿಗೆ ತಂದೆ. ಹಾಗೆ ತರುವಾಗ ನನ್ನ ಕೈ ತಾನಾಗಿ ರೀಪಿನ ತುದಿಯನ್ನು ಎಡಕ್ಕೆ ಎಳೆಯಿತು! ಚುಕ್ಕೆ 5 ಸೆಂ.ಮೀ. ಎಡಕ್ಕೆ ಹೋಗಿತ್ತು.

ಆಗ ಹೊಳೆಯಿತು. ಫೋರ್‌ಸೈಟ್ ಗುಂಡಿಗೆ ದಾರಿ ತೋರಿಸುವ ಬೆರಳು ಅಂದುಕೊಂಡಿದ್ದೆ, ಬೆರಳು ತಿರುಗಿದ ಕಡೆ ಗುಂಡು ಅಂತ. ಅದಲ್ಲ. ಗುರಿ ಹಿಡಿದಾಗ ಫೋರ್‌ಸೈಟ್ ಯಾವಾಗಲೂ ಬುಲ್ ಕೆಳಗೇ ಇರುತ್ತೆ, ಯಾಕಂದ್ರೆ ಕಣ್ಣು ಅದನ್ನು ಅಲ್ಲಿಂದ ಅಲ್ಲಾಡಲು ಬಿಡಲ್ಲ. ಹಾಗಾಗಿ ಜರುಗಬೇಕಾದದ್ದು ನಳಿಗೆ. ನಳಿಗೆಯ ಮೇಲೆ ಫೋರ್‌ಸೈಟ್ ಬಲಕ್ಕೆ ಕೂತರೆ, ಅದನ್ನು ಮತ್ತೆ ಬುಲ್ ಕೆಳಗೆ ತರಲು ನಳಿಗೆ ಎಡಕ್ಕೆ ಹೋಗಲೇಬೇಕು. ಗುಂಡು ನಳಿಗೆ ತಿರುಗಿದ ಕಡೆಗೇ ಹೋಗುತ್ತೆ.

ಎತ್ತರಕ್ಕೂ ಅದೇ ಲೆಕ್ಕ. ಗುಂಡು ಮೇಲೆ ಬಿದ್ದರೆ ಎತ್ತರದ ಫೋರ್‌ಸೈಟ್, ಕೆಳಗೆ ಬಿದ್ದರೆ ಗಿಡ್ಡ ಫೋರ್‌ಸೈಟ್. ಅಂದ್ರೆ ತಪ್ಪು ಎತ್ತ ಹೋಯಿತೋ ಫೋರ್‌ಸೈಟ್ ಅತ್ತಲೇ ಹೋಗಬೇಕು. ಬ್ಯಾಕ್‌ಸೈಟ್ ಪೂರ್ತಿ ಉಲ್ಟಾ. ಗುಂಡು ಎತ್ತ ಬರಬೇಕೋ ಅದನ್ನು ಅತ್ತ ಸರಿಸಬೇಕು. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ, ಗೊಂದಲ ಆಗುತ್ತೆ. ನಾನು ಫೋರ್‌ಸೈಟ್ ಒಂದನ್ನೇ ಗಟ್ಟಿ ಮಾಡಿಕೊಂಡೆ.

ಎಷ್ಟು ಸರಿಸಬೇಕು? ಗುಂಡು ತಪ್ಪಿದ ಅಳತೆಯನ್ನು ಸೈಟುಗಳ ನಡುವಿನ ದೂರದಿಂದ ಗುಣಿಸಿ, ಟಾರ್ಗೆಟ್ ದೂರದಿಂದ ಭಾಗಿಸಬೇಕು. ನಂದು 120 ಗುಣಿಸು 490, ಭಾಗಿಸು 50,000. ಎಲ್ಲ ಮಿ.ಮೀ.ನಲ್ಲಿ. ಬಂದದ್ದು 1.2ಕ್ಕಿಂತ ಚೂರು ಕಮ್ಮಿ. ನನಗೆ ಇಷ್ಟವಾದ ಅಡ್ಡದಾರಿ ಇದು: ಸೈಟುಗಳ ದೂರ ಸುಮಾರು ಅರ್ಧ ಮೀಟರ್ ಅಂತ ಇಟ್ಟುಕೊಂಡರೆ, 1 ಮಿ.ಮೀ. ಸರಿಸಿದಾಗ 50 ಮೀಟರಿನಲ್ಲಿ 10 ಸೆಂ.ಮೀ., 25ರಲ್ಲಿ 5, ನೂರರಲ್ಲಿ 20. ನನ್ನ ರೀಪಿನ ಆಟವೂ ಇದೇ ಲೆಕ್ಕಕ್ಕೆ ಬಂತು ನೋಡಿ. ಆದರೆ ಲೀ-ಎನ್‌ಫೀಲ್ಡಿನದೇ ಆಮೇಲಿನ ನಂಬರ್ 4 ಮಾದರಿಯಲ್ಲಿ ಬ್ಯಾಕ್‌ಸೈಟ್ ಕಣ್ಣಿನ ಹತ್ತಿರ ಇದೆ, ಸೈಟುಗಳ ದೂರ ಸುಮಾರು 73 ಸೆಂ.ಮೀ. ಅಲ್ಲಿ 1 ಮಿ.ಮೀ.ಗೆ 50 ಮೀಟರಿನಲ್ಲಿ 7 ಸೆಂ.ಮೀ. ಕೂಡ ಬರಲ್ಲ.

ಹಳೇ .315 ಕೊಳ್ಳುವವರಿಗೆ ಎರಡು ಮಾತು. ನಳಿಗೆ ಒಳಗೆ ಬೆಳಕು ಬಿಟ್ಟು ನೋಡಿ. ಬೋಲ್ಟ್ ನಂಬರೂ ರೈಫಲ್ ನಂಬರೂ ಒಂದೇನಾ ನೋಡಿ. ಬೇರೆ ರೈಫಲಿನ ಬೋಲ್ಟ್ ಆಗಿದ್ದರೆ ತೋಟಾ ಹಿಂದೆ ಸಂದು ಜಾಸ್ತಿ ಇರಬಹುದು, ಆರ್ಮರರ್ (ಬಂದೂಕು ರಿಪೇರಿಯವರು) ಗೇಜ್ ಹಾಕಿ ನೋಡುವವರೆಗೆ ಹೊಡೆಯಬೇಡಿ.

ನಳಿಗೆ ಒಳಗೆ ಗುಳಿ ಯಾಕೆ ಬೀಳುತ್ತೆ ಅಂದ್ರೆ, ಹಳೇ ತೋಟಾಗಳ ಹಿಂದಿರುವ, ಕಿಡಿ ಹೊತ್ತಿಸುವ ಕೇಪಿನ ಮದ್ದು ಸುಟ್ಟಾಗ ಒಂದು ಥರ ಉಪ್ಪು ಉಳಿಯುತ್ತೆ. ಜುಲೈನಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತಲ್ಲ, ನಳಿಗೆಯಲ್ಲೂ ಅದೇ ಕತೆ. ಬರೀ ಎಣ್ಣೆ ಹಾಕಿದರೆ ಉಪ್ಪು ಕರಗಲ್ಲ. ಲಾಳಿಕೆ ಇಟ್ಟು ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ. ದೊಡ್ಡಪ್ಪ ಹಂಡೆ ಒಲೆಯ ನೀರಿನಲ್ಲೇ ಮಾಡುತ್ತಿದ್ದರು, ಸ್ನಾನಕ್ಕೆ ಕಾಯುತ್ತಿದ್ದವರು ಕೂಗಾಡುತ್ತಿದ್ದರು. ಎಲೆಕ್ಷನ್ ಟೈಮಲ್ಲಿ ಕೋವಿ ಒಪ್ಪಿಸಲು ಹೇಳಿದಾಗಲೂ ಇಷ್ಟು ಮಾಡಿಯೇ ಕೊಡಿ. ವಾಪಸ್ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತೆ.