ದೋಣಿಯಿಲ್ಲದೆ ದಡದಿಂದಲೇ ಗಾಳ ಹಾಕುವವರು ಒಳ್ಳೆಯ ಜಾಗವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮೈಸೂರಿಗೆ ಬಂದು ನೆಲೆಸಿದ್ದೇನೆ. ರಜೆಯ ದಿನ ಗಾಳ ಹಾಕುವ ಹವ್ಯಾಸವಿದೆ. ದೋಣಿಯಾಗಲಿ ಬಲೆಯಾಗಲಿ ಇಲ್ಲ. ಸುತ್ತಮುತ್ತ ಇಷ್ಟೊಂದು ಕೆರೆ, ನಾಲೆ, ಹೊಳೆ ಇದ್ದರೂ ಬಹಳ ಕಡೆ ಬೆಂಡು ಅಲುಗುವುದೇ ಇಲ್ಲ. ದಡದಲ್ಲಿ ಒಳ್ಳೆಯ ಜಾಗವನ್ನು ಹುಡುಕುವುದು ಹೇಗೆ?

ಉತ್ತರ: ಮೊದಲು ಗಾಳ ಹಾಕಬಾರದ ಜಾಗಗಳನ್ನು ಬದಿಗಿಟ್ಟು ಮುಂದುವರಿಯೋಣ. ಮೈಸೂರು ನಗರದೊಳಗಿನ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ, ಕಾರಂಜಿ ಕೆರೆ ಮೃಗಾಲಯದ, ಲಿಂಗಾಂಬುಧಿ ಕೆರೆ ಅರಣ್ಯ ಇಲಾಖೆಯ ಸುಪರ್ದಿಯಲ್ಲಿವೆ; ಇವು ಹಕ್ಕಿಗಳಿಗೂ ವಾಯುವಿಹಾರಕ್ಕೂ ಮೀಸಲಾದ ಕೆರೆಗಳು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಿಂದ ಪಕ್ಷಿಧಾಮವಾಗಿದ್ದು, 2022ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಮೊಸಳೆಗಳೂ ಇವೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಯ ಹೊಳೆ ಕಾವೇರಿ ವನ್ಯಜೀವಿಧಾಮದೊಳಗೆ ಹರಿಯುತ್ತದೆ. ಅಲ್ಲಿನ ಕಿತ್ತಳೆ ರೆಕ್ಕೆಯ ಬಿಳಿಮೀನು (ಮಹಶೀರ್) ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದಿರುವ ಮೀನುಗಳಲ್ಲೊಂದಾದ್ದರಿಂದ, ಕಾನೂನಿನ ಮಾತು ಹಾಗಿರಲಿ, ಅದರ ಮೇಲಿನ ಪ್ರೀತಿಗಾದರೂ ಗಾಳವನ್ನು ಅತ್ತ ಒಯ್ಯಬಾರದು.

ಉಳಿದ ಊರ ಕೆರೆಗಳು ಯಾರದ್ದೂ ಅಲ್ಲ ಎಂದು ಭಾವಿಸಬೇಡಿ. ಹೆಚ್ಚಿನ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಗುತ್ತಿಗೆಗೆ ಕೊಟ್ಟಿರುತ್ತದೆ. ಗುತ್ತಿಗೆ ಹಿಡಿದವರು ಹಣ ತೆತ್ತು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಟ್ಟಿರುತ್ತಾರೆ. ಅವರನ್ನು ಕಂಡು ಒಪ್ಪಿಗೆ ಪಡೆಯುವುದು ನ್ಯಾಯ. ಅದರಿಂದ ನಿಮಗೂ ಲಾಭವಿದೆ, ಏಕೆಂದರೆ ಆ ಕೆರೆಯಲ್ಲಿ ಯಾವ ಮೀನಿದೆ, ಎಷ್ಟು ಬೆಳೆದಿದೆ, ಎಲ್ಲಿ ಆಳ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ.

ಇನ್ನು ಜಾಗದ ವಿಚಾರ. ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಮೀನು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ನೀರಿನಲ್ಲಿ ಕರಗಿರುವ ಆಮ್ಲಜನಕವೇ ನಿರ್ಧರಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಪಾಚಿ ದಟ್ಟವಾಗಿರುವ ಹಸಿರು ನೀರಿನ ಕೆರೆಯಲ್ಲಿ ಸ್ಥಿತಿ ಇನ್ನೂ ಕಠಿಣ: ಹಗಲೆಲ್ಲ ಆಮ್ಲಜನಕವನ್ನು ಬಿಡುವ ಪಾಚಿಯೇ ರಾತ್ರಿ ಅದನ್ನು ಹೀರುವುದರಿಂದ, ನಸುಕಿನ ವೇಳೆಗೆ ನೀರಿನಲ್ಲಿ ಉಸಿರು ಅತ್ಯಂತ ಕಡಿಮೆಯಿರುತ್ತದೆ. ಗಾಳಕ್ಕೆ ನಸುಕೇ ಶ್ರೇಷ್ಠ ಎಂಬ ಮಾತು ಹೊಳೆಗೂ ತಿಳಿನೀರಿನ ಕೆರೆಗೂ ಸಲ್ಲುತ್ತದೆಯೇ ಹೊರತು, ಏಪ್ರಿಲ್ ತಿಂಗಳ ಹಸಿರು ಕೆರೆಗೆ ಸಲ್ಲುವುದಿಲ್ಲ. ಅಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುವುದನ್ನು ಕಂಡರೆ, ಅವು ಮೇಯುತ್ತಿಲ್ಲ, ಉಸಿರಿಗಾಗಿ ಒದ್ದಾಡುತ್ತಿವೆ ಎಂದು ತಿಳಿದು ಗಾಳವನ್ನು ಸುತ್ತಿಡಿ. ಬಿಸಿಲೇರಿ ಪಾಚಿ ಕೆಲಸ ಆರಂಭಿಸಿದ ಮೇಲೆ, ಅಥವಾ ಸಂಜೆಯ ಹೊತ್ತಿಗೆ, ಅದೇ ಕೆರೆಯಲ್ಲಿ ಮೀನು ಮೇವಿಗೆ ಬರುತ್ತದೆ.

ಆದ್ದರಿಂದ ನೀರು ಅಲುಗುವ ಕಡೆಯನ್ನು ಮೊದಲು ನೋಡಿ. ಕೆರೆಗೆ ಹಳ್ಳ ಅಥವಾ ನಾಲೆಯ ನೀರು ಬಂದು ಬೀಳುವ ಬಾಯಿಯಲ್ಲಿ ಉಸಿರೂ ಇದೆ, ಕೊಚ್ಚಿಕೊಂಡು ಬಂದ ಹುಳುಹುಪ್ಪಟೆಯೂ ಇದೆ. ಒಂದೇ ಒಂದು ಜಾಗವನ್ನು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಹರಿದು ಬರುವ ನೀರಿಲ್ಲದ ಕೆರೆಯಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ನೈಋತ್ಯದಿಂದಲೂ ಪಶ್ಚಿಮದಿಂದಲೂ ಬೀಸುವುದರಿಂದ ಅಲೆಗಳು ಪೂರ್ವದ ದಡಕ್ಕೆ ಬಡಿದು, ತೇಲುವ ಮೇವೆಲ್ಲ ಅಲ್ಲಿಯೇ ಸೇರುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಎದ್ದಾಗ ಎದುರು ದಡಕ್ಕೆ ಹೋಗಬೇಕು. ಗಾಳಿ ಮುಖಕ್ಕೆ ಹೊಡೆಯುವ ದಡದಲ್ಲಿ ಕೂರುವುದು ಕಷ್ಟವೆಂದು ಬೆನ್ನು ಕೊಟ್ಟು ಕೂರುವವರೇ ಹೆಚ್ಚು, ಮೀನು ಇರುವುದು ಮಾತ್ರ ಆಚೆ ದಡದಲ್ಲಿ.

ಎರಡನೆಯದಾಗಿ, ಆಳ ಬದಲಾಗುವ ಅಂಚನ್ನು ಹುಡುಕಬೇಕು. ನಮ್ಮ ಕೆರೆಗಳ ರಚನೆ ಸಾಮಾನ್ಯವಾಗಿ ಒಂದೇ ಬಗೆಯದು: ಏರಿಯ ಬುಡದಲ್ಲಿ, ಅದರಲ್ಲೂ ತೂಬಿನ ಬಳಿ ಹೆಚ್ಚಿನ ಆಳ, ಎದುರಿನ ಅಂಗಳದ ಕಡೆ ತೆಳುನೀರು, ಜೊಂಡು. ಬಿಸಿಲಿನ ಹೊತ್ತಿನಲ್ಲಿ ತೂಬಿನ ಸುತ್ತಲಿನ ಆಳವೂ ಏರಿಗೆ ಒತ್ತಿದ ಕಲ್ಲುಗಳ ನೆರಳೂ ಮೀನನ್ನು ಹಿಡಿದಿಡುತ್ತವೆ. ಹೊತ್ತು ಇಳಿದ ಮೇಲೆ ಮೀನು ಜೊಂಡಿನ ಅಂಚಿಗೆ ಮೇಯಲು ಬರುತ್ತದೆ. ಯಾವ ಮೀನು ಬೇಕೆಂಬುದನ್ನೂ ನೋಡಿಕೊಳ್ಳಿ. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುತ್ತವೆ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದು, ಆ ಜಾಗದ ನೀರು ಮಾತ್ರ ಕದಡಿದ್ದರೆ ಅಲ್ಲಿ ಗೆಂಡೆ ಕೆಸರು ಕೆದಕುತ್ತಿರುವುದು ಬಹುತೇಕ ಖಚಿತ. ಅಂಥ ಕಡೆ ಎರೆಹುಳುವೋ ರಾಗಿ ಹಿಟ್ಟಿನ ಗಟ್ಟಿ ಉಂಡೆಯೋ ಸಾಕು. ನೀರುಕಾಗೆಗಳು ಒಂದೇ ಕಡೆ ಪದೇ ಪದೇ ಮುಳುಗುತ್ತಿದ್ದರೆ ಸಣ್ಣ ಮೀನಿನ ಹಿಂಡು ಅಲ್ಲಿದೆ. ಜಿಲೇಬಿ ಮೀನು (ತಿಲಾಪಿಯಾ) ಹಿಡಿಯುವವರಿಗೆ ಅಷ್ಟು ಸುಳಿವೇ ಬೇಕಾದಷ್ಟು.

ಜೊಂಡಿನ ನಡುವೆ ಕೆಂಪು ಮರಿಗಳ ಗುಂಪೊಂದು ಮೇಲೇರಿ ಇಳಿಯುತ್ತಿರುವುದು ಕಂಡರೆ, ಅದರ ಕೆಳಗೆ ಕೊರವ ಮೀನು ಕಾವಲಿಗೆ ನಿಂತಿರುತ್ತದೆ. ಕಾವಲಿನ ಮೀನು ಗಾಳಕ್ಕೆ ಬೇಗ ಎರಗುತ್ತದೆ ಎಂಬುದು ನಿಜವೇ, ಆದರೆ ಅದನ್ನು ಎತ್ತಿದರೆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ದಯವಿಟ್ಟು ಅಲ್ಲಿಂದ ದೂರ ಸರಿಯಿರಿ.

ಮಂಡ್ಯ ಕಡೆಯ ನಾಲೆಗಳಲ್ಲಿ ಲೆಕ್ಕವೇ ಬೇರೆ. ಕಟ್ಟು ನೀರು ಪದ್ಧತಿಯಲ್ಲಿ ನೀರು ಬಿಟ್ಟು ನಿಲ್ಲಿಸುತ್ತಿರುವಾಗ, ಹರಿವು ಇಳಿದ ದಿನಗಳಲ್ಲಿ ಮೀನು ಸೇತುವೆಯ ಕೆಳಗಿನ ಗುಂಡಿಗಳಲ್ಲೂ ನೀರು ಧುಮುಕುವ ಮೆಟ್ಟಿಲುಗಳ ಬುಡದಲ್ಲೂ ಸೇರಿಕೊಳ್ಳುತ್ತದೆ. ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆಯಂಥ ಹಳೆಯ ನಾಲೆಗಳ ದಡದಲ್ಲಿ ಮರದ ನೆರಳೂ ಮಣ್ಣಿನ ಪೊಟರೆಗಳೂ ಇರುವ ಕಡೆ ಮೀನಿಗೆ ಆಸರೆ ಹೆಚ್ಚು. ವಿಶ್ವೇಶ್ವರಯ್ಯ ನಾಲೆಯ ಇಳಿಜಾರು ಮಾತ್ರ ಬಹಳ ಅಪಾಯಕಾರಿ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಕಾಲು ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಈಜು ಬಲ್ಲವರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ತುಂಬಿ ಹರಿಯುವಾಗ ಅದರ ಅಂಚಿಗೆ ಹೋಗಲೇಬೇಡಿ. ಕೃಷ್ಣರಾಜಸಾಗರದಿಂದ ನೀರು ಬಿಡುವ ದಿನಗಳಲ್ಲಿ ಕೆಳಗಿನ ಹೊಳೆಯ ಬಂಡೆಗಳ ಮೇಲೆ ಕೂರುವುದೂ ಅಷ್ಟೇ ಅಪಾಯ.

ಕೊಳಚೆ ಸೇರುವ ಕೆರೆಗಳಲ್ಲಿ ಮೀನು ಬೇಗ ಸಿಗಬಹುದು. ಅದು ತಿನ್ನಲು ತಕ್ಕುದಲ್ಲ. ನೊರೆ, ದುರ್ವಾಸನೆ, ಇಡೀ ಕೆರೆಯನ್ನು ಮುಚ್ಚಿದ ಅಂತರಗಂಗೆ, ಇವು ಅಂಥ ನೀರಿನ ಗುರುತುಗಳು.

ಜಾಗ ಸಿಕ್ಕ ಮೇಲೆ ತಳವನ್ನು ಅಳೆದು ನೋಡಿ: ಕೊಕ್ಕೆಗೆ ಭಾರವಾದ ಸೀಸದ ಗುಂಡನ್ನು ಸಿಕ್ಕಿಸಿ, ಬೆಂಡನ್ನು ದಾರದ ಮೇಲೆ ಸರಿಸುತ್ತ ಹೋದರೆ, ಬೆಂಡು ಮುಳುಗದೆ ನಿಲ್ಲುವ ಅಳತೆಯೇ ಅಲ್ಲಿನ ಆಳ. ಹೀಗೆ ನಾಲ್ಕಾರು ಕಡೆ ಅಳೆದರೆ ತಳ ಎಲ್ಲಿ ಕುಸಿಯುತ್ತದೆ ಎಂಬುದು ತಿಳಿಯುತ್ತದೆ. ಇದಕ್ಕಿಂತ ಸುಲಭವಾದ ದಾರಿ ಬೇಸಿಗೆಯಲ್ಲಿದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಏರಿಯ ಮೇಲೆ ನಿಂತು ಕೆರೆಯಂಗಳದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹಳೆಯ ಹಳ್ಳದ ಜಾಡು, ಹೂಳೆತ್ತಿದ ಗುಂಡಿಗಳು, ಮುರಿದ ಕಲ್ಲುಕಟ್ಟಡ, ಜಾಲಿ ಮರಗಳ ಬುಡ ಎಲ್ಲವೂ ಆಗ ಕಣ್ಣೆದುರಿಗಿರುತ್ತವೆ. ಮಳೆಗಾಲ ಕಳೆದು ಕೆರೆ ತುಂಬಿದ ಮೇಲೆ, ಆ ಚಿತ್ರಗಳಲ್ಲಿ ದಡಕ್ಕೆ ಅತ್ಯಂತ ಹತ್ತಿರ ಬರುವ ಹಳ್ಳದ ತಿರುವನ್ನು ಹುಡುಕಿ, ಅದರ ಎದುರಿಗೆ ಕುಳಿತುಕೊಳ್ಳಿ.